ಮೂರಿಂಚಿನ ಔನ್ನತ್ಯ

ಟೇಪ್ ಮೇಸ್ತ್ರಿಗೆ ಈ ಪ್ರಪಂಚದ ಮೇಲಿದ್ದ ದೂರು ಒಂದೇ: ಅವರ ಪಿಕಪ್ ಗಾಡಿ ಕುಳ್ಳಗಿತ್ತು.

ಮರದ ಡಿಪೋದ ಹೊಂಡಬಿದ್ದ ದಾರಿಯಲ್ಲಿ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ ಎಂಬುದು ಹೆಂಡತಿಯ ಎದುರು ಅವರು ಮಂಡಿಸಿದ ಕಾರಣ. ಪ್ಲೈವುಡ್ ಅಂಗಡಿಯವನು ತನ್ನ ಎತ್ತರದ ಹೊಸ ಪಿಕಪ್ಪಿನ ಕಿಟಕಿಯಿಂದ ಬಗ್ಗಿ, "ಏನ್ ಮೇಸ್ತ್ರಿ, ಆರಾಮಾ?" ಎಂದು ಕೇಳುತ್ತಿದ್ದ ಎಂಬುದು ನಿಜವಾದ ಕಾರಣ. (ಯೋಗಕ್ಷೇಮದ ವಿಚಾರಣೆಯೂ ಮೇಲಿನಿಂದ ತಲೆಯ ಮೇಲೆ ಬಿದ್ದರೆ ಕುಟ್ಟಿದಂತೆಯೇ ಆಗುತ್ತದೆ.)

ಮರಗೆಲಸದಲ್ಲಿ ಅವರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಕೂರಿಸಿದ ಒಂದು ಬಾಗಿಲೂ ತನ್ನ ಚೌಕಟ್ಟಿಗೆ ಉಜ್ಜಿರಲಿಲ್ಲ. ಸೊಂಟದಲ್ಲಿ ಅಳತೆಯ ಟೇಪು ಸಿಕ್ಕಿಸಿಕೊಳ್ಳದೆ ಅವರು ಬೀದಿಗಿಳಿದವರಲ್ಲ. ಮದುವೆಯಾದ ಹೊಸತರಲ್ಲಿ, ಅತ್ತೆಯ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ, "ಈ ಮೇಜಿನ ಒಂದು ಕಾಲು ಅರ್ಧ ಇಂಚು ಗಿಡ್ಡ" ಎಂದು ನೆಂಟರೆಲ್ಲರ ಎದುರು ಘೋಷಿಸಿ, ಎದ್ದು ಅಳೆದೂ ತೋರಿಸಿದ್ದರು. ಅರ್ಧ ಇಂಚು ಸರಿಯಾಗಿತ್ತು. ಅತ್ತೆ ಅದನ್ನು ಮರೆತಿರಲಿಲ್ಲ. ಈಗ ಮಗಳ ಮನೆಯಲ್ಲೇ ಇದ್ದ ಅವರು, ಮರೆತಿಲ್ಲವೆಂಬುದನ್ನು ಅಳಿಯನೂ ಮರೆಯದಂತೆ ನೋಡಿಕೊಳ್ಳುತ್ತಿದ್ದರು.

ಹೀಗೆ ಗಾಡಿಯ ಉದ್ಧಾರಪರ್ವ ಆರಂಭವಾಯಿತು. ಬೇರೆಯವರಾಗಿದ್ದರೆ ಚಿತ್ರಪಟ ನೋಡಿ ಚಕ್ರ ಆರಿಸುತ್ತಿದ್ದರು. ಮೇಸ್ತ್ರಿ ಪ್ಲೈವುಡ್ಡಿನಲ್ಲಿ ಹದಿನೈದು, ಹದಿನಾರು, ಹದಿನೇಳು ಇಂಚಿನ ಮೂರು ಬಿಲ್ಲೆ ಕೊರೆದು, ಒಂದಕ್ಕೆ ಕಪ್ಪು, ಒಂದಕ್ಕೆ ಬೆಳ್ಳಿಯ ಬಣ್ಣ ಬಳಿದು, ಒಂದನ್ನು ಹಾಗೇ ಬಿಟ್ಟು, ನಡುಮನೆಯ ಗೋಡೆಗೆ ಸಾಲಾಗಿ ಒರಗಿಸಿದರು.

"ರೀ, ಇದೇನು ಮೂರು ಚಕ್ರ?" ಎಂದಳು ಹೆಂಡತಿ. "ಮನೆ ಎಲ್ಲಿಗಾದ್ರೂ ಹೊರಟಿದ್ಯಾ?"

"ಮಾದರಿ ಕಣೆ. ಕಣ್ಣೆದುರು ಇಟ್ಕೊಂಡು ನೋಡಿದ್ರೆ ತಾನೇ ಯಾವ್ದು ಒಪ್ಪುತ್ತೆ ಅಂತ ಗೊತ್ತಾಗೋದು."

"ನನ್ನ ಕಣ್ಣಿಗೆ ಮೂರೂ ಮುಚ್ಚಳ."

ಮರುದಿನ ಹದಿನೈದಿಂಚಿನದು ಬಚ್ಚಲಿನ ನೀರಿನ ಡ್ರಮ್ಮಿನ ಮೇಲಿತ್ತು. ಮೇಸ್ತ್ರಿ ಕೋಪಗೊಳ್ಳಲೆಂದೇ ಹೋದರು. ಆದರೆ ಅದು ಸುತ್ತಲೂ ಒಂದೇ ಅಂಚು ಬಿಟ್ಟು ಎಷ್ಟು ಅಂದವಾಗಿ ಕೂತಿತ್ತೆಂದರೆ, ಕೋಪ ಬರಲಿಲ್ಲ, ಹೆಮ್ಮೆ ಬಂತು. ಹದಿನೈದು ಹೀಗೆ ಕಣದಿಂದ ನಿವೃತ್ತವಾಯಿತು.

ಹದಿನೇಳನ್ನು ಹೊರಹಾಕಿದವನು ಟೈರ್ ಅಂಗಡಿಯವನು. "ದೊಡ್ಡ ರಿಮ್ ಹಾಕಿದ್ರೆ ಟೈರ್ ತೆಳ್ಳಗಾಗುತ್ತೆ ಮೇಸ್ತ್ರಿ, ಹೊಂಡದ ಏಟೆಲ್ಲ ರಿಮ್ಮಿಗೇ. ಹದಿನಾರು ತಗೊಳ್ಳಿ, ಮೇಲೆ ದಪ್ಪ ಟೈರ್ ಹಾಕೋಣ."

"ಕೆಸರಿಗೆ ಹಾಕ್ತಾರಲ್ಲ, ದೊಡ್ಡ ದೊಡ್ಡ ಹಲ್ಲಿಂದು?"

"ಅದು ಟಾರು ರಸ್ತೇಲಿ ಜೇನುಗೂಡಿನ ಥರ ಗುಂಯ್ ಅನ್ನುತ್ತೆ. ನಿಮ್ಮ ಮಾತು ನಿಮಗೇ ಕೇಳ್ಸಲ್ಲ."

"ನನ್ನ ಮಾತು ಹೋಗ್ಲಿ, ಪಕ್ಕದಲ್ಲಿ ಕೂತೋಳ ಮಾತು?"

"ಅದೂ ಕೇಳ್ಸಲ್ಲ."

ಮೇಸ್ತ್ರಿ ಆಸೆಯಿಂದ ಆ ಟೈರನ್ನು ಇನ್ನೊಮ್ಮೆ ಸವರಿ, ಕೊನೆಗೆ ಧರ್ಮಮಾರ್ಗ ಹಿಡಿದು, ಮಣ್ಣಿಗೂ ಟಾರಿಗೂ ಹೊಂದುವ ಮಧ್ಯಮ ಹಲ್ಲಿನದನ್ನೇ ಒಪ್ಪಿದರು. ಗಾಡಿಯನ್ನು ಎಷ್ಟು ಎತ್ತರಿಸುವುದೆಂಬ ಪ್ರಶ್ನೆ ಬಂದಾಗ ಅಂಗಡಿಯವನು ನಾಲ್ಕಿಂಚಿನ ಆಮಿಷ ತೋರಿಸಿದ. ಮೇಸ್ತ್ರಿ ಎರಡು ಬೆರಳು ಎತ್ತಿದರು. "ಎರಡು ಸಾಕು. ಎತ್ತರಕ್ಕೂ ಒಂದು ಮರ್ಯಾದೆ ಇರ್ಬೇಕು." ಸ್ಪ್ರಿಂಗಿನಿಂದ ಎರಡು, ಹೊಸ ಟೈರಿನಿಂದ ಒಂದು: ಒಟ್ಟು ಮೂರಿಂಚು.

ಈ ಮೂರಿಂಚಿಗೆ ಗಾಡಿ ನಿಲ್ಲಿಸುವ ಶೆಡ್ಡಿನ ಬಾಗಿಲು ಸಮ್ಮತಿಸಬೇಕಿತ್ತು. ಆ ಚೌಕಟ್ಟು ಮೇಸ್ತ್ರಿ ಈ ಮನೆಯಲ್ಲಿ ಮಾಡಿದ ಮೊದಲ ಕೆಲಸ. ಬಂದವರಿಗೆಲ್ಲ ಅವರು ಮೊದಲು ತೋರಿಸುತ್ತಿದ್ದುದು ಅದನ್ನೇ. ಅಂಗಳದಲ್ಲಿ ನಿಂತಿದ್ದ ಗಾಡಿಯಲ್ಲಿ ಎಂದಿನಂತೆ ಹಲಗೆ ತುಂಬಿತ್ತು. ಅವರು ಅದರ ತೊಟ್ಟಿಯ ಮೇಲಿನ ಕಬ್ಬಿಣದ ಕಮಾನನ್ನು ಅಳೆದರು, ಬಾಗಿಲನ್ನು ಮೂರು ಸಲ ಅಳೆದರು, ಪೆನ್ಸಿಲನ್ನು ಕಿವಿಯಿಂದ ತೆಗೆದು ಲೆಕ್ಕ ಹಾಕಿದರು. ಮೂರಿಂಚು ಏರಿದ ಮೇಲೂ ಅರ್ಧ ಇಂಚು ಸಂದು ಉಳಿಯುತ್ತಿತ್ತು.

ಜಗಲಿಯಲ್ಲಿ ಕೂತಿದ್ದ ಅತ್ತೆ ಕೇಳಿದರು: "ಅಳಿಯಂದಿರೇ, ನಾನು ಸೋಫಾದಿಂದ ಎದ್ದರೆ ಮೆತ್ತೆ ಮೇಲಕ್ಕೆ ಬರುತ್ತೆ. ನಿಮ್ಮ ಗಾಡಿಗೆ ಹಾಗೇನೂ ಇಲ್ವಾ?"

"ಅತ್ತೆ, ಇದು ಸೋಫಾ ಅಲ್ಲ."

"ಅದೂ ಸರಿ ಅನ್ನಿ. ಸೋಫಾ ಆಗಿದ್ರೆ ನನಗೆ ಹತ್ತೋಕಾಗ್ತಿತ್ತು. ಇನ್ನೂ ಎತ್ತರ ಮಾಡಿದ್ರೆ ನಾನು ಹೇಗೆ ಹತ್ಲಿ?"

"ನೀವು ಯಾಕೆ ಹತ್ಬೇಕು ಅತ್ತೆ? ಇದು ಸರಕಿನ ಗಾಡಿ," ಎಂದರು ಮೇಸ್ತ್ರಿ, ವಿನಯದಿಂದಲೇ.

ಶನಿವಾರ ಗಾಡಿ ಸಿದ್ಧವಾಯಿತು. ಕಪ್ಪು ಚಕ್ರ, ದಪ್ಪ ಟೈರು, ಎತ್ತಿದ ಎದೆ. ಮೇಸ್ತ್ರಿ ಮೊದಲು ಡಿಪೋಗೆ ಹೋಗಿ, ಹೊಟ್ಟೆ ಉಜ್ಜಿಸಿಕೊಳ್ಳದೆ ಹಲಗೆ ತುಂಬಿಕೊಂಡು, ಬರುವಾಗ ಪ್ಲೈವುಡ್ ಅಂಗಡಿಯ ಮುಂದೆ ಬೇಕೆಂದೇ ನಿಧಾನ ಮಾಡಿ, ಕಿಟಕಿಯಿಂದ ಬಗ್ಗಿ "ಏನಪ್ಪಾ, ಆರಾಮಾ?" ಎಂದು ಕೇಳಿದರು. ಹಲವು ವರ್ಷಗಳ ಬಾಕಿ ತೀರಿತು. ಗಾಡಿ ಶೆಡ್ಡಿನೊಳಗೆ ಹೋಗುವಾಗ ಕಮಾನಿಗೂ ಚೌಕಟ್ಟಿಗೂ ನಡುವೆ ಕರಾರುವಾಕ್ಕಾಗಿ ಅರ್ಧ ಇಂಚು. ಅವರು ಹೆಂಡತಿಯನ್ನು ಕರೆದು ಆ ಸಂದನ್ನು ತೋರಿಸಿದರು. ಕೆಲಸಗಾರರು ಹಲಗೆಯನ್ನೆಲ್ಲ ಇಳಿಸಿದರು. ಜೊತೆಗೆ ಕೈಹಾಕಿದ ಮೇಸ್ತ್ರಿಯ ಸೊಂಟ ಹಿಡಿದುಕೊಂಡಿತು.

ಭಾನುವಾರ ಹತ್ತು ಗಂಟೆಗೆ ಗ್ರಂಥಾಲಯದ ಹೊಸ ವಾಚನಾಲಯ ತೆರೆಯುವುದಿತ್ತು. ಅದರ ನಡುವೆ ಇಡಬೇಕಾದ ಹನ್ನೆರಡು ಜನರ ಮೇಜು ಮೇಸ್ತ್ರಿಯ ಜೀವಮಾನದ ಕೃತಿ. ಬಿಡಿಬಿಡಿಯಾಗಿ ಗಾಡಿಗೇರಿಸಿ ಕಟ್ಟಿದ್ದಾಯಿತು. ಕೆಲಸಗಾರರು ಜೋಡಿಸಲು ಸಲಕರಣೆಯೊಂದಿಗೆ ಮುಂದೆ ಹೋದರು. ಮೇಸ್ತ್ರಿ ಇಸ್ತ್ರಿಯ ಅಂಗಿ ತೊಟ್ಟು, ಗಾಡಿ ಹತ್ತಿ, ಹಿಂದಕ್ಕೆ ಬಿಟ್ಟರು.

ಢಣ್.

ಇಳಿದು ನೋಡಿದರು. ಕಮಾನು ಚೌಕಟ್ಟಿಗೆ ಮುತ್ತಿಕ್ಕಿ ನಿಂತಿತ್ತು. ಟೇಪು ಹೊರಬಂತು. ಹಲಗೆಯ ಭಾರ ಇಳಿದ ಗಾಡಿ ಹೊಸ ಸ್ಪ್ರಿಂಗಿನ ಉತ್ಸಾಹದಲ್ಲಿ ಮೇಲೆದ್ದಿತ್ತು. ಮೇಜಿನ ಭಾರ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಅಳತೆ ಸರಿಯಾಗಿಯೇ ಇತ್ತು. ಅಳೆದ ಗಾಡಿ ಮಾತ್ರ ತುಂಬಿದ ಗಾಡಿ.

"ಏನಾಯ್ತು?" ಹೆಂಡತಿ ಓಡಿ ಬಂದಳು.

"ಒಂದಿಂಚು," ಎಂದರು ಮೇಸ್ತ್ರಿ. ಆ ದನಿಯನ್ನು ಅವಳು ಇಪ್ಪತ್ತೆರಡು ವರ್ಷಗಳಲ್ಲಿ ಕೇಳಿರಲಿಲ್ಲ.

"ಟೈರಿನ ಗಾಳಿ ಇಳಿಸಿ."

"ಮತ್ತೆ ತುಂಬೋಕೆ ಬಾಯಲ್ಲಿ ಊದ್ಲಾ? ಭಾನುವಾರ ಅಂಗಡಿ ಇಲ್ಲ."

"ಹಾಗಾದ್ರೆ ಮೇಲಿನ ಮರ ಒಂಚೂರು ಕೊಯ್ರಿ."

ಮೇಸ್ತ್ರಿ ಅವಳನ್ನು ನೋಡಿದ ನೋಟಕ್ಕೆ ಅವಳೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು. ಹಲಗೆ ಮತ್ತೆ ಹೇರೋಣವೆಂದರೆ ಕೆಲಸಗಾರರಿಲ್ಲ, ಸೊಂಟವೂ ಇಲ್ಲ. ಗಂಟೆ ಒಂಬತ್ತೂವರೆ.

ಆಗಲೇ ಗೇಟಿನ ಸದ್ದಾಯಿತು. ಬೆಳಗಿನ ನಡಿಗೆ ಮುಗಿಸಿದ ಅತ್ತೆಯವರು ಇಬ್ಬರು ಗೆಳತಿಯರ ಸಮೇತ ಕಾಫಿಗೆಂದು ಬಂದಿದ್ದರು. ಮೂವರೂ ತುಂಬು ಮೈಯವರು. ಹೆಂಡತಿ ಅವರನ್ನು ನೋಡಿದಳು, ಗಾಡಿಯನ್ನು ನೋಡಿದಳು, ಗಂಡನನ್ನು ನೋಡಿದಳು.

"ತಾನಾಗೇ ಹತ್ತಿ ತಾನಾಗೇ ಇಳಿಯೋ ಸರಕು ಬಂತು ನೋಡಿ," ಎಂದಳು ಮೆಲ್ಲಗೆ. "ಕೇಳೋದು ನೀವೇ ಕೇಳ್ಬೇಕು."

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. "ಅತ್ತೆ... ಒಂಚೂರು ಗಾಡಿ ಹತ್ತುತ್ತೀರಾ?"

"ನಾನು ಯಾಕಪ್ಪಾ ಹತ್ತಲಿ? ಅದು ಸರಕಿನ ಗಾಡಿ," ಎಂದರು ಅತ್ತೆ, ವಿನಯದಿಂದಲೇ. ಅಷ್ಟು ಹೇಳಿ, ಸೆರಗು ಸಿಕ್ಕಿಸಿ, "ಕುರ್ಚಿ ತನ್ನಿ" ಎಂದರು.

ಊಟದ ಕುರ್ಚಿಯ ಮೇಲೆ ಕಾಲಿಟ್ಟು ಮೂವರೂ ಏರಿದರು. ಒಬ್ಬೊಬ್ಬರು ಏರಿದಾಗಲೂ ಗಾಡಿ ನಿಟ್ಟುಸಿರಿಟ್ಟು ಕುಸಿಯಿತು. ಕೊನೆಗೆ ಹೆಂಡತಿಯೂ ಹತ್ತಿ ಹಿಂಬದಿಗೆ ಕೂತಳು. ಕಮಾನಿಗೂ ಚೌಕಟ್ಟಿಗೂ ನಡುವೆ ಅಂಗೈ ಅಗಲ ಅಲ್ಲದಿದ್ದರೂ ಉಗುರಿನಷ್ಟು ಬೆಳಕು ಕಂಡಿತು. ಗಾಡಿ ಹೊರಬಂತು.

ಅಂಗಳದಲ್ಲಿ ಮೇಸ್ತ್ರಿ ಕುರ್ಚಿ ಹಿಡಿದು ನಿಂತರು. ಯಾರೂ ಇಳಿಯಲಿಲ್ಲ.

"ನಡೀರಿ, ಮೇಜು ನೋಡ್ಕೊಂಡು ಬರೋಣ," ಎಂದರು ಅತ್ತೆ. "ವಾಪಸ್ ಒಳಗೆ ಹೋಗೋಕೂ ನಾವೇ ಬೇಕಲ್ಲ?"

ಅದು ಮೇಸ್ತ್ರಿಗೆ ಹೊಳೆದಿರಲಿಲ್ಲ. ದಾರಿಯಲ್ಲಿ ಪ್ಲೈವುಡ್ ಅಂಗಡಿಯವನು ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದ. ಗಾಡಿಯ ತೊಟ್ಟಿಯಿಂದ ಅತ್ತೆ ಅವನತ್ತ ಬಗ್ಗಿ, "ಏನಪ್ಪಾ, ಆರಾಮಾ?" ಎಂದು ಕೇಳಿದರು.

ಮೇಜನ್ನು ಎಲ್ಲರೂ ಹೊಗಳಿದರು. ಎಷ್ಟು ನಯ, ಎಷ್ಟು ಸಮ ಎಂದು ಗ್ರಂಥಪಾಲಕರು ಕೈಯಾಡಿಸುತ್ತಿದ್ದಾಗ ಅತ್ತೆ, "ಮಾಡಿದ್ದು ನಮ್ಮ ಅಳಿಯಂದಿರು," ಎಂದರು. ಮೇಸ್ತ್ರಿಯ ಎದೆ ಗಾಡಿಗಿಂತ ಒಂದಿಂಚು ಹೆಚ್ಚೇ ಮೇಲೆದ್ದಿತು. "ಮನೆಯಿಂದ ಹೊರಗೆ ತಂದಿದ್ದು ನಾವು," ಎಂದು ಅತ್ತೆ ವಾಕ್ಯ ಪೂರೈಸಿದರು.

ಅಂದಿನಿಂದ ಖಾಲಿ ಗಾಡಿ ಹೊರಡುವ ಬೆಳಗುಗಳಲ್ಲಿ ಆ ಮೂವರ ನಡಿಗೆ ಶೆಡ್ಡಿನಿಂದ ಆರಂಭವಾಗಿ ಗಾಡಿಯಲ್ಲೇ ಮುಗಿಯತೊಡಗಿತು. ಊಟದ ಕುರ್ಚಿಯ ಮಾನ ಉಳಿಸಲು ಮೇಸ್ತ್ರಿ ತೇಗದಲ್ಲಿ ಮೂರು ಮೆಟ್ಟಿಲ ಪುಟ್ಟ ಏಣಿಯೊಂದನ್ನು ಮಾಡಿದರು. ಅಂಚುಗಳನ್ನು ದುಂಡಗೆ ತಿದ್ದಿ, ಮೆರುಗೆಣ್ಣೆ ಕೊಟ್ಟು, ಮನೆಯವರನ್ನೂ ಇಬ್ಬರು ಗೆಳತಿಯರನ್ನೂ ನಿಲ್ಲಿಸಿಕೊಂಡು ಅತ್ತೆಯ ಮುಂದಿಟ್ಟರು.

ಅತ್ತೆ ಒಂದು ಮೆಟ್ಟಿಲು ಹತ್ತಿದರು. ಎರಡು ಹತ್ತಿದರು. ಮೂರನೆಯದರ ಮೇಲೆ ನಿಂತು, ಒಂದು ಕ್ಷಣ ಯೋಚಿಸಿ, ಮತ್ತೆ ಕೆಳಗಿಳಿದರು.

"ಚೆನ್ನಾಗಿದೆ ಅಳಿಯಂದಿರೇ. ಮೇಲಿನ ಮೆಟ್ಟಿಲು ಮಾತ್ರ ಅರ್ಧ ಇಂಚು ಎತ್ತರ."

ಮೇಸ್ತ್ರಿ ನಸುನಕ್ಕು, ಸೊಂಟದ ಟೇಪನ್ನು ಎಲ್ಲರಿಗೂ ಕಾಣುವಂತೆ ಎಳೆದು, ಬಗ್ಗಿ ಅಳೆದರು. ಇನ್ನೊಮ್ಮೆ ಅಳೆದರು. ಮೂರನೆಯ ಸಲ ಅಳೆಯುವ ಹೊತ್ತಿಗೆ ಅತ್ತೆ ಗಾಡಿಯಲ್ಲಿ ಕೂತಾಗಿತ್ತು.

"ಎಷ್ಟಿದೆಯಂತೆ?" ಎಂದು ಅವರು ಮೇಲಿನಿಂದ ಬಗ್ಗಿ ಕೇಳಿದರು.