ಬಕೆಟ್ಟಿನಲ್ಲಿ ಕರಗಿದ ಕ್ಷಮಾಪಣೆ

ಹೆಂಡತಿ ಮೂರು ದಿನದಿಂದ ಮಾತು ಬಿಟ್ಟಿದ್ದಳು. ಕೆಮಿಸ್ಟ್ರಿ ಮೇಷ್ಟ್ರಿಗೆ ಇದು ಶುದ್ಧ ಅನ್ಯಾಯ ಅನ್ನಿಸಿತ್ತು. ತಾವು ಮಾಡಿದ್ದಾದರೂ ಏನು? ಅವಳು ಕೊಟ್ಟ ಶರಬತ್ತಿನ ತಳದಲ್ಲಿ ಸಕ್ಕರೆ ಹಾಗೇ ಕೂತಿತ್ತು. ಲೋಟ ಎತ್ತಿ ಹಿಡಿದು, "ಐಸ್ ನೀರಿಗೆ ಸುರಿದ್ರೆ ಸಕ್ಕರೆ ಎಲ್ಲಿ ಸರಿಯಾಗಿ ಕರಗುತ್ತೆ? ಮೊದಲು ಬಿಸಿನೀರಲ್ಲಿ ಕರಗಿಸ್ಕೋಬೇಕು" ಎಂದು ಕಾಲು ಗಂಟೆ ಪಾಠ ಮಾಡಿದ್ದರು, ಅಷ್ಟೇ. (ಎದುರಿಗೆ ಕೂತ ತಂಗಿ, ತಂಗಿಯ ಗಂಡ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು ಅನ್ನುವುದು ಮೇಷ್ಟ್ರ ಪ್ರಕಾರ ಸಣ್ಣ ವಿಷಯ.)

ಆದರೆ ಮಾತಿಲ್ಲದ ಮನೆಯಲ್ಲಿ ಮೂರು ದಿನ ಕಳೆಯುವುದೆಂದರೇನು! ಮೇಷ್ಟ್ರು ಮೆತ್ತಗಾದರು. ಬಾಯಿಬಿಟ್ಟು ತಪ್ಪಾಯ್ತು ಅನ್ನಲು ನಾಲಿಗೆ ಏಳಲಿಲ್ಲ. ಮೇಜಿನ ಮೇಲಿದ್ದ ಹಾಳೆಯ ಖಾಲಿ ಮಗ್ಗುಲಲ್ಲಿ (ಮೇಷ್ಟ್ರು ಹೊಸ ಹಾಳೆ ಕೆಡಿಸುವವರಲ್ಲ) ತಮ್ಮ ಪ್ರೀತಿಯ ಇಂಕ್ ಪೆನ್ನಿನಿಂದ ಪುಟ ತುಂಬ ಕ್ಷಮಾಪಣೆ ಬರೆದರು. ಓದಿಕೊಂಡು ತಮಗೇ ಕಣ್ಣು ತುಂಬಿತು. ಜೇಬಿಗಿಟ್ಟುಕೊಂಡರು. ಕೊಡುವ ಮುಂಚೆ ಅವಳ ಮನಸ್ಸು ಸ್ವಲ್ಪ ತಣ್ಣಗಾಗಲಿ ಎಂದು ಬಟ್ಟೆ ಒಗೆಯುವ ಮಹಾಕಾರ್ಯಕ್ಕೆ ಕೈಹಾಕಿ, ತೊಟ್ಟಿದ್ದ ಶರಟನ್ನೂ ಬಿಚ್ಚಿ, ಅವಳ ಬಿಳಿ ದಿಂಬಿನ ಕವರುಗಳ ಜೊತೆ ನೆನೆಹಾಕಿದರು.

ಅರ್ಧ ಗಂಟೆಯಲ್ಲಿ ಬಕೆಟ್ಟೆಲ್ಲ ನೀಲಿ.

"ಅಯ್ಯೋ, ಏನ್ರೀ ಇದು!" ಅಂತೂ ಹೆಂಡತಿ ಬಾಯಿಬಿಟ್ಟಳು. ಶರಟಿನ ಜೇಬಿನಿಂದ ಒದ್ದೆ ಹಾಳೆ ಎಳೆದಳು. "ನನ್ನ ಸಾಮಾನಿನ ಚೀಟಿ! ಬೆಳಗ್ಗೆಯಿಂದ ಹುಡುಕ್ತಿದ್ದೀನಿ!"

ಒಂದು ಮಗ್ಗುಲಲ್ಲಿ ಬರೀ ನೀಲಿ ಕಲೆ. ಇನ್ನೊಂದರಲ್ಲಿ ಅವಳ ಬಾಲ್‌ಪೆನ್ ಅಕ್ಷರ ಒಂದೂ ಅಳಿಸಿರಲಿಲ್ಲ.

"ನನ್ನ ಇಂಕು ನೀರು ಕಂಡ ತಕ್ಷಣ ಬೆರೆಯುತ್ತೆ ಕಣೇ. ನಿನ್ನ ಪೆನ್ನಿಂದು ಎಣ್ಣೆ ಜಾತಿ, ಅದಕ್ಕೂ ನೀರಿಗೂ ಆಗಿಬರಲ್ಲ. ಅದಕ್ಕೇ..." ಎಂದು ಪಾಠ ಶುರುಮಾಡಿದ ಮೇಷ್ಟ್ರು ಚೀಟಿ ನೋಡಿ ನಿಂತರು. ಸೋಪು, ಉಪ್ಪು, ಬೆಂಕಿಪೊಟ್ಟಣ. ಅದರ ಕೆಳಗೆ: ಇವರ ಮೊಣಕಾಲಿಗೆ ನೋವಿನ ಎಣ್ಣೆ, ದೊಡ್ಡ ಸೀಸೆ.

"ಇದನ್ನ ಯಾವಾಗ ಬರೆದೆ?"

"ಇವತ್ತು ಬೆಳಗ್ಗೆ. ಮೆಟ್ಟಿಲು ಹತ್ತುವಾಗ ಕುಂಟ್ತಿದ್ರಲ್ಲ. ಸಿಟ್ಟು ನಿಮ್ಮ ಮೇಲೆ, ಪಾಪ, ಮೊಣಕಾಲು ಏನು ಮಾಡಿತ್ತು?"

ಇಂಥವಳನ್ನು ನಗೆಪಾಟಲು ಮಾಡಿದೆನಲ್ಲ ಎಂದು ಮೇಷ್ಟ್ರಿಗೆ ನಿಜವಾಗಿಯೂ ನಾಚಿಕೆಯಾಯಿತು.

"ಆ ಕಡೆ ನಾನೂ ಬರೆದಿದ್ದೆ. ಪುಟ ತುಂಬ."

"ಏನಂತ?"

ಮೂವತ್ತು ವರ್ಷ ಪಾಠ ಹೇಳಿದ ಬಾಯಿ ತಡವರಿಸಿತು. "ಅದೇ... ಮತ್ತೆ... ಶರಬತ್ತು ಚೆನ್ನಾಗಿತ್ತು."

ಅವಳು ನಗು ತಡೆದುಕೊಂಡು ಒಳಗೆ ಹೋಗಿ, ಒಂದು ಹೊಸ ಹಾಳೆಯನ್ನೂ ತನ್ನ ಪೆನ್ನನ್ನೂ ತಂದು ಅವರ ಕೈಗಿಟ್ಟಳು.

"ಮೊದಲು ಕವರು ಒಗೀರಿ. ಆಮೇಲೆ ಕೂತ್ಕೊಂಡು ಎಲ್ಲಾ ಇನ್ನೊಂದ್ಸಲ ಬರೀರಿ, ಬಾಲ್‌ಪೆನ್ನಲ್ಲಿ. ಭಾನುವಾರ ನಿಮ್ಮ ತಂಗಿ, ಅವಳ ಗಂಡ ಊಟಕ್ಕೆ ಬರ್ತಾರೆ. ಅವರೆದುರಿಗೆ ಲೋಟ ಎತ್ತಿ ಹಿಡಿದ ಹಾಗೇ ಎತ್ತಿ ಹಿಡಿದು, ಜೋರಾಗಿ ಓದ್ಬೇಕು."