ತಿಮಿಂಗಿಲ ಮೀನಾದ ದಿನ

ನಮ್ಮ ಸೋದರತ್ತೆಗೆ ಲಗ್ನಪತ್ರಿಕೆ ಕೊಡಲು ಗೋಣಿಬೀಡಿನಲ್ಲಿ ಧೈರ್ಯ ಬೇಕು! ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು; ಪತ್ರಿಕೆ ಕೈಗೆ ಬಂದರೆ ಕೆಂಪು ಪೆನ್ನು ತೆಗೆಯುತ್ತಾರೆ. ಒಮ್ಮೆ ದೊಡ್ಡ ಎಸ್ಟೇಟಿನ ಯಜಮಾನರೊಬ್ಬರು ಮಗಳ ಮದುವೆಗೆ ಕರೆಯಲು ಬಂದರು.

"ಟೀಚರ್, ನೀವು ಬರ್ಲೇಬೇಕು."

"ಬರ್ತೀನಿ. ಆದ್ರೆ 'ಹಾರ್ದಿಕ'ದಲ್ಲಿ ದಕಾರದ ಹೊಟ್ಟೆ ಯಾಕೆ ಸೀಳಿದ್ರಿ? ಪಾಪ, ಅದೇನು ಮಾಡಿತ್ತು?"

ಯಜಮಾನರು ತಿದ್ದಿದ ಪತ್ರಿಕೆಯೊಂದಿಗೇ ಜೀಪು ಹತ್ತಿದರು.

ನಮ್ಮ ತೋಟದ ಕಾಫಿ ಕೊಯ್ಲಿನ ಮೇಸ್ತ್ರಿ "ಹೊತ್ತು ಮುಳುಗ್ತಮ್ಮಾ" ಎಂದರೂ ಅತ್ತೆ ಬಿಡುವವರಲ್ಲ. "ಸೂರ್ಯ ಎಲ್ಲೂ ಮುಳುಗಲ್ಲ ಮಾರಾಯ, ತಿರುಗೋದು ನಾವು!"

ಇಂಥವರ ಕಾಲಿಗೆ ಕಳೆದ ಕೊಯ್ಲಿನಲ್ಲಿ ಕಂಚಿಗಿಡದ ಮುಳ್ಳು ಗೀರಿತು. ಆಸ್ಪತ್ರೆಗೆ ಹೋಗೋಣವೆಂದರೆ, "ಇದು ಗಾಯ ಅಲ್ಲ, ಗೀರು" ಎಂದು ನನ್ನನ್ನೇ ತಿದ್ದಿದರು. ಮೂರನೆಯ ದಿನ ಕಾಲು ಕೆಂಪಾಗಿ ಊದಿತು. ನಾಲ್ಕನೆಯ ದಿನ ಬೆಳಿಗ್ಗೆ ಶಾಲು ಹೊದ್ದು ನಡುಗುತ್ತ ಕೂತಿದ್ದರು, ಉಸಿರು ಜೋರಾಗಿತ್ತು. ಟಿವಿ ನೋಡುತ್ತಿದ್ದ ಅಪ್ಪ, "ತಿಮಿಂಗಿಲ ಎಷ್ಟು ದೊಡ್ಡ ಮೀನು ನೋಡಕ್ಕ!" ಎಂದರು.

ನಾವೆಲ್ಲ ಅತ್ತೆಯ ಕಡೆ ತಿರುಗಿದೆವು. ಅತ್ತೆ ಸುಮ್ಮನಿದ್ದರು!

ಅಮ್ಮ ಕಾಫಿ ಲೋಟ ಕೆಳಗಿಟ್ಟರು. "ರೀ, ಜೀಪ್ ತೆಗೀರಿ!"

ಮೂಡಿಗೆರೆಯಲ್ಲಿ ಬಿಪಿ ನೋಡಿದವರೇ ಡ್ರಿಪ್ ಹಾಕಿ ಆಂಬುಲೆನ್ಸ್‌ನಲ್ಲಿ ಚಿಕ್ಕಮಗಳೂರಿಗೆ ಕಳಿಸಿದರು. ಅಲ್ಲಿಯ ಡಾಕ್ಟರಮ್ಮ ನಮ್ಮನ್ನು ಪಕ್ಕಕ್ಕೆ ಕರೆದರು.

"ಸೋಂಕು ಹೊಕ್ಕಿದ್ದು ಕಾಲಲ್ಲಿ. ರೋಗಾಣು ಕಂಡ ಕೂಡ್ಲೆ ನಮ್ಮ ರಕ್ಷಣಾ ಕೋಶಗಳು ಸೈಟೊಕೈನ್ ಅನ್ನೋ ಅಣುಗಳನ್ನ ಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಿಸ್ತವೆ. ಸುದ್ದಿ ಕಾಲಲ್ಲೇ ಇದ್ದಿದ್ರೆ ಊದ್ಕೊಂಡು ವಾಸಿಯಾಗ್ತಿತ್ತು. ಇವ್ರಿಗೆ ಮೈಯೆಲ್ಲ ಹಬ್ಬಿದೆ. ರಕ್ತನಾಳ ಸಡಿಲಾಗಿ ಸೋರ್ತಿವೆ, ಬಿಪಿ ನಿಲ್ತಿಲ್ಲ. ಸೆಪ್ಟಿಕ್ ಶಾಕ್ ಅಂತೀವಿ."

"ಉಳೀತಾರಾ?" ಅಮ್ಮ ಕೇಳಿದರು.

"ಆಂಟಿಬಯಾಟಿಕ್ ಶುರು ಮಾಡಿದೀವಿ. ನಾಳೆ ತನಕ ಏನೂ ಹೇಳಕ್ಕಾಗಲ್ಲ."

ಅಪ್ಪ ಬೆಂಚಿನ ಮೇಲೆ ಕುಸಿದರು. "ಅದು ಮೀನಲ್ಲ ಅಂತ ನಂಗೂ ಗೊತ್ತಿತ್ತು ಕಣೆ. ಅಕ್ಕ ಬೈಲಿ ಅಂತಲೇ ಹೇಳಿದ್ದು."

ಆಸ್ಪತ್ರೆ ಸೇರಿದ ಆರನೆಯ ದಿನ ಅತ್ತೆ ಸರಿಯಾಗಿ ಕಣ್ಣುಬಿಟ್ಟರು. ಡಾಕ್ಟರಮ್ಮ ಸುಲಭ ಮಾಡಿ ಹೇಳಲು ಹೋಗಿ, "ನಿಮ್ಗೆ ಇಮ್ಯುನಿಟಿ ಜಾಸ್ತಿಯಾಗಿ ಹೀಗಾಯ್ತು ಟೀಚರ್" ಎಂದುಬಿಟ್ಟರು. ಆಕ್ಸಿಜನ್ ಮಾಸ್ಕಿನೊಳಗಿಂದ ಅತ್ತೆಯ ಸಣ್ಣ ದನಿ: "ಜಾಸ್ತಿ ಅಲ್ಲ... ಅಂಕೆ ತಪ್ಪಿದ್ದು."

ಡಾಕ್ಟರಮ್ಮ ತಪ್ಪೊಪ್ಪಿಕೊಂಡರು! ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಕಾಫಿ ಕುಡಿಸಿದರು.

ಮನೆಗೆ ಬಂದಾಗ ಅತ್ತೆಯ ಬೆರಳುಗಳಿಗೆ ಬಾಚಣಿಗೆ ಹಿಡಿಯುವಷ್ಟೂ ಶಕ್ತಿಯಿರಲಿಲ್ಲ. ತಮ್ಮ ಜಡೆಯನ್ನು ಯಾರಿಗೂ ಮುಟ್ಟಗೊಡದವರು ಒಂದು ಮಧ್ಯಾಹ್ನ ನನಗೆ ಬೆನ್ನು ಮಾಡಿ ಕೂತು, "ಬಾಚ್ತೀಯೇನೇ?" ಎಂದರು. ಸಿಕ್ಕು ಬಿಡಿಸುತ್ತಿದ್ದಂತೆ ಅವರ ತಲೆ ಮೆಲ್ಲಗೆ ನನ್ನ ಮಡಿಲಿಗೆ ವಾಲಿತು. ನಿದ್ದೆ ಬಂದಿತ್ತು. ಜಡೆ ಅರ್ಧಕ್ಕೇ ನಿಂತಿತ್ತು. ಕಾಲು ಜೋಮು ಹಿಡಿದರೂ, ಅಮ್ಮ ಬಂದು ದೀಪ ಹಾಕುವವರೆಗೂ ನಾನು ಅಲುಗಲಿಲ್ಲ.