ಯಾರು ಮಾಡಿದ ಇಂಜಿನ್ನು

ಕನಕರಾಯನ ಇಂಜಿನ್ನಿನಲ್ಲಿ ಒಂದು ಪಿಸ್ಟನ್ನು ಸಿಲಿಂಡರಿನ ಗೋಡೆ ದಾಟಿ ಇಷ್ಟೇ ಇಷ್ಟು ಹೊರಗೆ ಇಣುಕುತ್ತಿತ್ತು. ಅದು ಇಣುಕದೆ ಇದ್ದಿದ್ದರೆ, ಇಣುಕಿದ್ದನ್ನು ಮಸ್ತಾನಸಾಬ ನೋಡದೆ ಇದ್ದಿದ್ದರೆ, ಆ ದಿನ ಬೇರೆಯೇ ಆಗುತ್ತಿತ್ತೋ ಏನೋ. ಆದರೆ ಮಸ್ತಾನಸಾಬನ ಕಣ್ಣು ಹಾಗೆಲ್ಲ ಸುಮ್ಮನೆ ಹೋಗುವ ಕಣ್ಣಲ್ಲ. ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಅವನದು ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು. ಪಕ್ಕದ ಕನಕರಾಯನ ಕಂಪ್ಯೂಟರ್ ಸೆಂಟರಿಗೆ ನೀರು ಕುಡಿಯಲು ಬಂದವನು, ಚೊಂಬನ್ನು ಬಾಯಿಯ ತನಕ ಎತ್ತಿ ಹಾಗೆಯೇ ನಿಂತ.

"ಕನಕಪ್ಪ, ಏನಿದು?"

"ಸ್ಪೋರ್ಟ್ಸ್ ಕಾರಿನ ಇಂಜಿನ್ ಚಾಚಾ. ಒಳಗ ಹೆಂಗ ನಡೀತೈತಿ ಅಂತ ತೋರಸಾಕ ಕಂಪ್ಯೂಟರಿನಾಗ ಮಾಡೀನಿ."

"ಇದೆಲ್ಲಿ ನಡೀತೈತೋ? ಪಿಸ್ಟನ್ ಗ್ವಾಡಿ ಹಾದು ಹೊರಗ ಬಂದೈತಿ. ಗುಜರಿಗೆ ಹಾಕೋ ಮಾಲು ಇದು."

ಅದು ತೊಂಬತ್ತೇಳನೆಯ ಇಸವಿ. ಸಿಂಧನೂರಿನ ಬೀದಿಬೀದಿಗೂ ಟ್ರ್ಯಾಕ್ಟರ್ ಇದ್ದವು, ಆದರೆ ಸ್ಪೋರ್ಟ್ಸ್ ಕಾರನ್ನು ಕಣ್ಣಾರೆ ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ಕನಕರಾಯನೂ ಕಂಡಿರಲಿಲ್ಲ. ಹೈದರಾಬಾದಿನ ಫುಟ್‌ಪಾತಿನಲ್ಲಿ ಸಿಕ್ಕ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಂಥ ಕಾರಿನ ಇಂಜಿನ್ನಿನ ಒಳಗನ್ನು ಬಿಚ್ಚಿ ತೋರಿಸಿದ ಚಿತ್ರವಿತ್ತು. ಅದಕ್ಕೆ ಮನಸೋತವನು ಬೇಸಗೆಯಿಂದ ಕೂತು, ಬೋಲ್ಟಿಗೆ ಬೋಲ್ಟು ಎನ್ನುವಂತೆ ಅದನ್ನು ತೆರೆಯ ಮೇಲೆ ಕಟ್ಟಿದ್ದ. ಬಾಗಿಲ ಮುಂದೆಯೇ ಟ್ರ್ಯಾಕ್ಟರ್ ಇಂಜಿನ್ನುಗಳು ಬಿಚ್ಚಿ ಬಿದ್ದಿರುವಾಗ ಇದೇ ಯಾಕೆ ಬೇಕಿತ್ತೋ. ಕಾಣದ್ದರ ಮೇಲೆ ಮನಸ್ಸು ಹೋದರೆ ಕಾರಣ ಕೇಳಿ ಪ್ರಯೋಜನವಿಲ್ಲ.

ಲಿಂಗಸುಗೂರಿನಲ್ಲಿ ಹೊಸದಾಗಿ ತೆರೆದ ಖಾಸಗಿ ಪಾಲಿಟೆಕ್ನಿಕ್ಕಿಗೆ, ಯಂತ್ರಗಳ ಒಳಗನ್ನು ಕಂಪ್ಯೂಟರಿನಲ್ಲಿ ಚಲಿಸುವ ಚಿತ್ರ ಮಾಡಿ ಕಲಿಸುವ ಮೇಷ್ಟ್ರು ಬೇಕಾಗಿತ್ತು. ಆ ದಿನ ಸಿಂಧನೂರಿಗೆ ಮದುವೆಗೆ ಬರುವ ಪ್ರಿನ್ಸಿಪಾಲರು ಸಂಜೆ ಐದಕ್ಕೆ ಖುದ್ದಾಗಿ ಬಂದು ನೋಡುತ್ತೇನೆ ಎಂದಿದ್ದರು. ಇದೂ ಕೈತಪ್ಪಿದರೆ ಸೆಂಟರಿಗೆ ಬೀಗ ಹಾಕಿ, ಸೋಮವಾರದಿಂದ ಜವಳಗೇರಾದಲ್ಲಿ ಭಾವ ಪಂಪಣ್ಣನ ಟ್ರ್ಯಾಕ್ಟರ್ ಹತ್ತಿ ಕೆಸರುಗದ್ದೆ ಹೊಡೆಯುವುದೆಂದು ಮನೆಯಲ್ಲಿ ಮಾತಾಗಿತ್ತು. ಆದರೆ ಕನಕರಾಯನ ಒಳಗಿನ ಆಸೆ ನೌಕರಿಗಿಂತ ಚಿಕ್ಕದು. ಊರಿನವರ ಪಾಲಿಗೆ ಅವನು ಅರ್ಜಿ, ಜಾತಕ ಟೈಪು ಮಾಡಿಕೊಡುವವನು. ಒಬ್ಬರಾದರೂ ಬೆರಗಾಗಿ, "ಇದನ್ನು ನೀನೇ ಮಾಡಿದೆಯಾ?" ಎಂದು ಕೇಳಬೇಕೆಂದು ಅವನಿಗೆ ಬಹಳ ಇತ್ತು.

ಪಿಸ್ಟನ್ನನ್ನು ಒಳಗೆ ತಳ್ಳುವುದು ಐದು ನಿಮಿಷದ ಕೆಲಸ. ತಳ್ಳಿದ ಮೇಲೆ ಕಂಪ್ಯೂಟರು ಎಲ್ಲ ಚಿತ್ರಗಳನ್ನೂ ಮೊದಲಿನಿಂದ ಬರೆಯಬೇಕು. ಅವನ್ನು ಸರಸರನೆ ಒಂದರ ಹಿಂದೊಂದು ಓಡಿಸಿದರೆ ಮಾತ್ರ ಇಂಜಿನ್ ತಿರುಗಿದಂತೆ ಕಾಣುತ್ತದೆ. ಒಂದೊಂದು ಚಿತ್ರಕ್ಕೂ ಒಂದು ಬೀಡಿ ಸೇದುವಷ್ಟು ಹೊತ್ತು. ಮಸ್ತಾನಸಾಬ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನಿಜವಾಗಿಯೂ ಬೀಡಿ ಸೇದುತ್ತ ಕಾದ. ಅವನು ಬರಲಿಲ್ಲವೆಂದು ಅವನ ಗಿರಾಕಿ, ವಳಕಮದಿನ್ನಿಯ ರೈತ ಅಂಬಪ್ಪ ಹುಡುಕಿಕೊಂಡು ಬಂದ. ಇಬ್ಬರಿಗೂ ಚಹಾ ತಂದ ಎದುರಿನ ಮಿರ್ಚಿಭಜಿ ಅಂಗಡಿಯ ಗದ್ದೆಮ್ಮ ಕಪ್ಪು ಒಯ್ಯುವ ನೆಪದಲ್ಲಿ ಅಲ್ಲೇ ಉಳಿದಳು.

"ಇದೇನೋ ತಮ್ಮಾ, ಬೆಳಗಿ ಗೂಡಿನಾಗ ಇಟ್ಟ ತಾಮ್ರದ ಕೊಡದಂಗ ಐತಿ," ಎಂದಳು ಗದ್ದೆಮ್ಮ. "ದುಡಿಯೋ ಸಾಮಾನಂದ್ರ ಎಣ್ಣಿ ಜಿಡ್ಡು ಬ್ಯಾಡೇನು?"

ಹೌದಲ್ಲ ಎನಿಸಿತು ಕನಕರಾಯನಿಗೆ. ಉಕ್ಕಿನ ಮೇಲೆ ತೆಳ್ಳಗೆ ಎಣ್ಣೆಯ ಹೊಳಪು ಹಚ್ಚಿದ. ಮತ್ತೆ ಮೊದಲಿನಿಂದ ಬೀಡಿ.

ಮಧ್ಯಾಹ್ನಕ್ಕೆ ಅಂಬಪ್ಪ ಗಂಟಲು ಸರಿಮಾಡಿಕೊಂಡ. "ನಾ ಹೇಳಬಾರ್ದು. ಆದ್ರ ಇಂಜಿನ್ ಚಾಲೂ ಆದ್ರ ಮೈಯೆಲ್ಲ ಗದಗದ ನಡಗತೈತಿ. ನಿಂದು ಫೋಟೋಕ್ಕ ನಿಂತ ಮದುಮಗನಂಗ ನಿಂತೈತಿ."

ಅದೂ ನಿಜವೇ. ಕಂಡೂ ಕಾಣದಷ್ಟು ನಡುಕ ಸೇರಿಸಿದ. ಈ ಜನಕ್ಕೆ ಬೈಯಬೇಕೋ ಕೈ ಮುಗಿಯಬೇಕೋ ಅವನಿಗೆ ತಿಳಿಯಲಿಲ್ಲ. ಅವರು ಬಾಯಿ ಹಾಕಿದಾಗಲೆಲ್ಲ ಕೆಲಸ ಕೆಡುತ್ತಿತ್ತು, ಇಂಜಿನ್ನು ಮಾತ್ರ ಚೆಂದವಾಗುತ್ತಿತ್ತು.

ಅಷ್ಟರಲ್ಲಿ ಕರೆಂಟು ಹೋಗುವ ಸೂಚನೆಯಾಗಿ ಬಲ್ಬು ಮಂಕಾಯಿತು. ಮಸ್ತಾನಸಾಬ ಓಡಿಹೋಗಿ ತನ್ನ ಡೀಸೆಲ್ ಜನರೇಟರ್ ಶುರು ಮಾಡಿದ. ಹೊಗೆ ಕಿಟಕಿಯಿಂದ ಒಳಗೆ ನುಗ್ಗಿ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ಸ್ಪೋರ್ಟ್ಸ್ ಕಾರಿನ ಇಂಜಿನ್ನನ್ನು ನೋಡಿದರು. ಮೂರು ಗಂಟೆಯ ಹೊತ್ತಿಗೆ ಚಿತ್ರಗಳೆಲ್ಲ ಬರೆದು ಮುಗಿದು, ಅವನ್ನು ಒಂದೇ ಓಟವಾಗಿ ಜೋಡಿಸುವಾಗ ಕಂಪ್ಯೂಟರು ತಾನೇ ನಿಂತಿತು. ಜಾಗ ತುಂಬಿದೆ, ಇನ್ನು ಒಂದು ಚಿತ್ರವನ್ನೂ ಇಟ್ಟುಕೊಳ್ಳಲಾರೆ ಎಂದಿತು.

"ಹಳೇದೆಲ್ಲ ಒಗದು ಬಿಡೋ," ಎಂದಳು ಗದ್ದೆಮ್ಮ. "ಅಡಗಿ ಆದಮ್ಯಾಲೆ ಸಿಪ್ಪಿ ಯಾಕ ಇಟ್ಕೊಳ್ಳೋದು?"

ಕನಕರಾಯ ಒಂದು ಗಳಿಗೆ ಕೈ ತಡೆದ. ಬೇಸಗೆಯಿಂದ ಬರೆದ ಕಚ್ಚಾ ಚಿತ್ರಗಳು, ಕಟ್ಟಿದ ಬಿಡಿ ಭಾಗಗಳು, ಗೋಡೆ ಹಾದ ಪಿಸ್ಟನ್ನು, ಎಲ್ಲ ಅಲ್ಲಿದ್ದವು. ಜಾಗಕ್ಕೆಂದು ಒಂದಿಷ್ಟು ಅಳಿಸಿದ್ದರೆ ಸಾಕಾಗುತ್ತಿತ್ತು. ಆದರೆ ಪ್ರಿನ್ಸಿಪಾಲರ ಕಣ್ಣಿಗೆ ತನ್ನ ತಪ್ಪುಗಳು ಬೀಳುವುದು ಬೇಡವೆನಿಸಿ, ಬುಡಸಮೇತ ಅಳಿಸಿಹಾಕಿದ; ಓಡುವ ಚಿತ್ರಕ್ಕೆ ಬೇಕಾದವು ಮಾತ್ರ ಉಳಿದವು. ಮನೆಗೆ ಸುಣ್ಣ ಹೊಡೆಸಿದಷ್ಟು ನಿರಾಳವಾಯಿತು.

ಐದಕ್ಕೆ ಸರಿಯಾಗಿ ಪ್ರಿನ್ಸಿಪಾಲರು ಬಂದರು. ತೆರೆಯ ಮೇಲೆ ಕೈಯಗಲದ ಇಂಜಿನ್ನು ಮೆಲ್ಲನೆ ಬಾಯಿ ತೆರೆಯಿತು. ಆರು ಪಿಸ್ಟನ್ನುಗಳು ಒಂದಾದ ಮೇಲೊಂದು ಏಳುತ್ತ ಇಳಿಯುತ್ತ, ಕವಾಟಗಳು ತೆರೆಯುತ್ತ ಮುಚ್ಚುತ್ತ, ಸಣ್ಣ ಕಿಡಿಯೊಂದು ಹಾರುತ್ತ, ಎಣ್ಣೆ ಮಿಂಚುತ್ತ. ನೋಡುತ್ತಿದ್ದ ಕನಕರಾಯನಿಗೇ ಎದೆ ತುಂಬಿ ಬಂತು. ಪ್ರಿನ್ಸಿಪಾಲರು ಮತ್ತೊಮ್ಮೆ ಹಾಕಿಸಿದರು, ಮತ್ತೂ ಒಮ್ಮೆ ಹಾಕಿಸಿದರು. ಗದ್ದೆಮ್ಮ ಕೊಟ್ಟ ಚಹಾ ಅವರ ಕೈಯಲ್ಲೇ ಆರಿತು.

"ಭಾಳ ಚಲೋ ಐತ್ರಿ," ಎಂದರು ಕೊನೆಗೆ. "ಈ ಸಿಡಿ ಎಲ್ಲಿ ಸಿಕ್ತು? ಹೈದರಾಬಾದಿನಾಗೇನು?"

"ನಾನೇ ಮಾಡಿದ್ದು ಸರ್."

ಪ್ರಿನ್ಸಿಪಾಲರು ಬೈಯಲಿಲ್ಲ, ಮರ್ಯಾದೆಯಿಂದ ನಕ್ಕರು. ಅದೇ ಕೆಟ್ಟದ್ದಾಯಿತು. "ಇರಬಹುದು. ಹಂಗಾದ್ರ ಇದರ ಕಚ್ಚಾ ಕೆಲಸ ತೋರಿಸ್ರಿ."

"ಮೂರು ಗಂಟೆಕ್ಕ ಅಳಿಸೀನ್ರಿ ಸರ್."

"ಇವತ್ತಾ?"

"ಹೌದ್ರಿ."

ಪ್ರಿನ್ಸಿಪಾಲರ ಹುಬ್ಬು ಮೇಲೇರಿತು. ಕನಕರಾಯ ಸಹಾಯಕ್ಕಾಗಿ ಹಿಂದೆ ತಿರುಗಿದ. ನೆರೆಹೊರೆಯವರು ಅದಕ್ಕೇ ಕಾಯುತ್ತಿದ್ದರು.

"ನಾ ಸಾಕ್ಷಿ ಅದೀನ್ರಿ ಸಾಹೇಬ್ರ," ಎಂದು ಮಸ್ತಾನಸಾಬ ಮುಂದೆ ಬಂದ. "ಆ ಪಿಸ್ಟನ್ ಗ್ವಾಡಿ ಹಾದು ಬಂದಿತ್ತು. ನಾನೇ ಕುಂತು ಸರಿ ಮಾಡಿಸೀನಿ."

"ಎಣ್ಣಿ ಹಚ್ಚಿಸಿದಾಕಿ ನಾನು," ಎಂದಳು ಗದ್ದೆಮ್ಮ.

"ನಡಗೋದು ನಂದ್ರಿ," ಎಂದ ಅಂಬಪ್ಪ. "ಮೊದಲ ಸುಮ್ಮನ ನಿಂತಿತ್ತು."

"ಪಿಸ್ಟನ್ ಇವರದು, ಎಣ್ಣಿ ಇವರದು, ನಡುಕ ಅವರದು," ಎಂದರು ಪ್ರಿನ್ಸಿಪಾಲರು. "ಇದರಾಗ ನಿಮ್ಮದೇನ್ರಿ ಕನಕರಾಯ?"

ಅವರು ಕುಹಕಕ್ಕೆ ಕೇಳಿರಲಿಲ್ಲ. ಅದಕ್ಕೇ ಕನಕರಾಯನಿಗೂ ಆ ಪ್ರಶ್ನೆ ಒಳಗೆ ಇಳಿಯಿತು. ಇವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಹಾಗಿದ್ದರೂ ಇಡೀ ಇಂಜಿನ್ನು ತನ್ನದೇ. ಎರಡೂ ಒಟ್ಟಿಗೆ ನಿಜವಾಗಿರುವುದನ್ನು ಇನ್ನೊಬ್ಬರಿಗೆ ಹೇಗೆ ಹೇಳುವುದೆಂದು ಅವನಿಗೆ ಹೊಳೆಯಲಿಲ್ಲ.

"ಉಳಿದದ್ದು ನಂದ್ರಿ ಸರ್," ಎಂದ ಸಣ್ಣ ದನಿಯಲ್ಲಿ.

ಪ್ರಿನ್ಸಿಪಾಲರಿಗೆ ಕನಿಕರ ಬಂದಿರಬೇಕು. "ಮದುವಿ ಮನ್ಯಾಗ ಊಟ ಮುಗಿಸಿ, ಲಿಂಗಸುಗೂರಿಗೆ ಹೊಂಡೋ ಮುಂದ ಮತ್ತ ಬರ್ತೀನಿ. ಅಷ್ಟರಾಗ ಒಂದು ಇಂಜಿನ್ ಮಾಡಿ ತೋರಿಸ್ರಿ. ಸಣ್ಣದಿರಲಿ, ಸಾದಾ ಇರಲಿ. ಆದ್ರ ನೀವು ಒಬ್ಬರೇ ಮಾಡಬೇಕು. ಇವರು ಯಾರೂ ಬಾಯಿ ಹಾಕಬಾರ್ದು."

ಅವರು ಹೋದ ಮೇಲೆ ಮೂವರ ಮುಖವೂ ಸಪ್ಪಗಾಯಿತು. ಉಪಕಾರ ಮಾಡಲು ಹೋಗಿ ಕೆಡಿಸಿದೆವೆಂದು ಅವರಿಗೂ ಅರ್ಥವಾಗಿತ್ತು. "ಅಲ್ಲಾನ ಆಣಿ, ನಾ ತುಟಿ ಬಿಚ್ಚಂಗಿಲ್ಲ," ಎಂದ ಮಸ್ತಾನಸಾಬ. ಮೂವರೂ ಗೋಡೆಗೆ ಬೆನ್ನು ಹಚ್ಚಿ, ಪರೀಕ್ಷೆಯ ಕೋಣೆಯಲ್ಲಿ ಕುಳಿತವರ ಹಾಗೆ ಕುಳಿತರು.

ಕನಕರಾಯ ಬರಿಗೈಯಿಂದ ಶುರು ಮಾಡಿದ. ತಿಂಗಳುಗಟ್ಟಲೆ ಕಟ್ಟಿದ್ದನ್ನು ಒಂದು ಊಟದ ಹೊತ್ತಿನಲ್ಲಿ ಕಟ್ಟಬೇಕಿತ್ತು. ಆರರ ಬದಲು ಎರಡು ಸಿಲಿಂಡರ್ ಮಾಡಿದ, ಹತ್ತಾರು ಚಿತ್ರಗಳಷ್ಟೇ ಇಟ್ಟ. ಮೊದಲ ಸಲ ಓಡಿಸಿದಾಗ ಮಸ್ತಾನಸಾಬನ ಕಣ್ಣು ದೊಡ್ಡವಾದವು. ಮುಂದಿನ ಫ್ಯಾನಿನ ರೆಕ್ಕೆ ತಿರುಗುವಾಗ ರೇಡಿಯೇಟರನ್ನು ಸೌತೆಕಾಯಿ ಕೊಯ್ದಂತೆ ಕೊಯ್ದು ಆಚೆ ಬರುತ್ತಿತ್ತು. ಅವನ ಕೈ ತಾನೇ ಮೇಲೆದ್ದಿತು, ಬಾಯಿ ತೆರೆಯಿತು. ಗದ್ದೆಮ್ಮ ಥಟ್ಟನೆ ಆ ಬಾಯಿಗೆ ಒಂದು ಮಿರ್ಚಿಭಜಿ ತುರುಕಿದಳು. ಆಣೆ ಉಳಿಯಿತು. ಕಂಪ್ಯೂಟರಿಗೆ ಅಂಟಿಕೊಂಡಿದ್ದ ಕನಕರಾಯ ಬೆಳಗಿನಿಂದ ಮೊದಲ ಬಾರಿಗೆ ಯಾರೂ ತಪ್ಪು ತೆಗೆಯಲಿಲ್ಲವೆಂದು ಧೈರ್ಯ ತಂದುಕೊಂಡ.

ಪ್ರಿನ್ಸಿಪಾಲರು ಎಲೆಅಡಿಕೆ ಜಗಿಯುತ್ತ ಬಂದು ನೋಡಿದರು. ಫ್ಯಾನು ರೇಡಿಯೇಟರನ್ನು ಕೊಯ್ಯಿತು. ಮತ್ತೆ ಕೊಯ್ಯಿತು. ಅವರ ಮುಖ ಅರಳಿತು. ಎದ್ದು ಕನಕರಾಯನ ಎರಡೂ ಕೈ ಹಿಡಿದುಕೊಂಡರು.

"ಇದು ನೀವೇ ಮಾಡಿದ್ದು. ನೂರಕ್ಕ ನೂರು ನಂಬ್ತೀನಿ. ಇಂಥಾದನ್ನ ಯಾವ ಅಂಗಡ್ಯಾಗೂ ಮಾರಂಗಿಲ್ಲ."

ಕನಕರಾಯನ ಕಣ್ಣಲ್ಲಿ ನೀರಾಡಿತು. ಮೂವರೂ ಗೋಡೆ ಬಿಟ್ಟು ಎದ್ದು ನಿಂತರು.

"ಆದ್ರ ರೇಡಿಯೇಟರ್ ಕೊಯ್ಯೋ ಫ್ಯಾನು ಮಾಡೋರನ್ನ ನಮ್ಮ ಹುಡುಗರಿಗೆ ಮೇಷ್ಟ್ರು ಅಂತ ಹೆಂಗ ಕೊಡ್ಲಿ ಹೇಳ್ರಿ? ಬ್ಯಾಸರ ಮಾಡ್ಕೋಬ್ಯಾಡ್ರಿ. ಇನ್ನಷ್ಟು ಕಲೀರಿ." ಚಪ್ಪಲಿ ಮೆಟ್ಟಿಕೊಂಡವರು ಹೊಸ್ತಿಲಲ್ಲಿ ತಿರುಗಿ ನಿಂತರು. "ಆ ಮೊದಲ ತೋರಿಸಿದ್ದು ಯಾರು ಮಾಡ್ಯಾರ ಅಂತ ಗೊತ್ತಾದ್ರ ನನಗ ಒಂದು ಮಾತು ತಿಳಸ್ರಿ. ಆ ನೌಕರಿ ಅವರಿಗಂತನೇ ಖಾಲಿ ಇಟ್ಟಿರ್ತೀನಿ."

ಸೋಮವಾರ ಲಿಂಗಸುಗೂರಿನಲ್ಲಿ ಆ ಕುರ್ಚಿ ಖಾಲಿಯೇ ಇತ್ತು. ಕನಕರಾಯ ಜವಳಗೇರಾದ ಕೆಸರಿನಲ್ಲಿ ಭಾವನ ಟ್ರ್ಯಾಕ್ಟರ್ ಓಡಿಸುತ್ತಿದ್ದ.